ಮದರಾಸಿನಲ್ಲಿ ಎಲ್ಲಿ ಇಳಿದುಕೊಳ್ಳುವುದು?

ಇವತ್ತು ಸಂಜೆ ಚಿಂತಾಮಣಿಯ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ, ಗೆಳೆಯರೇ. ಬೇಸಿಗೆ ರಜೆಯಲ್ಲಿ ಸಮುದ್ರ ನೋಡಲು ನಾನೂ ನನ್ನ ಹೆಂಡತಿ ರತ್ನಳೂ ಮದರಾಸಿಗೆ ಹೊರಟಿದ್ದೇವೆ. ಅಗ್ಗದ ಲಾಡ್ಜು ಯಾವುದೆಂದು ಹೇಳಲು ನಾನು ಪಾಠ ಹೇಳುವ ಶಾಲೆಯ ನಾರಾಯಣಪ್ಪ ಮೇಷ್ಟ್ರು ಬಂದಿದ್ದರು.

“ಸ್ಟೇಷನ್ ಎದುರಿಗೇ ಒಂದೈತೆ. ಫ್ಯಾನೂ ಐತೆ,” ಎಂದವರು ದನಿ ತಗ್ಗಿಸಿದರು. “ಆದ್ರೆ ಜಾತಿ ಕೇಳ್ತಾರೆ. ನಮ್ಮ ಪೈಕಿ, ಒಕ್ಕಲಿಗರು ಅಂತ ಹೇಳ್ಬಿಡಿ ಮೇಷ್ಟ್ರೇ. ಯಾರಿಗೆ ಗೊತ್ತಾಗುತ್ತೆ?”

ಅವರ ಒಳ್ಳೆಯತನ ನನಗೆ ಗೊತ್ತು. ನಮ್ಮ ಹರಿಜನ ಕೇರಿಗೆ ಬಂದು ಕಾಫಿ ಕುಡಿಯುವ ಮೇಷ್ಟ್ರು ಅವರೊಬ್ಬರೇ. ಆದರೂ ನಾನು ರತ್ನಳ ಕಡೆ ನೋಡಿದೆ.

ರತ್ನ ಲೋಟ ಎತ್ತಿಕೊಳ್ಳುತ್ತಾ ಕೇಳಿದಳು: “ಎರಡು ದಿನ ನಿಮ್ಮೋರಾಗಿದ್ದು ವಾಪಸ್ ಬಂದ್ಮೇಲೆ, ನಾವು ಯಾರಣ್ಣ?”

ಮೇಷ್ಟ್ರು, “ತಪ್ಪಾಯ್ತಮ್ಮ. ಸ್ಟೇಷನ್ ಮಹಡಿ ಮೇಲೇ ರೈಲ್ವೆಯೋರು ರೂಮು ಕೊಡ್ತಾರೆ. ಅಲ್ಲಿ ರೈಲು ಟಿಕೆಟ್ ಮಾತ್ರ ಕೇಳೋದು,” ಎಂದರು.

ಅಲ್ಲೇ ಇಳಿದುಕೊಳ್ಳುವುದೆಂದು ತೀರ್ಮಾನವಾಗಿದೆ. ರೈಲುಗಳ ಕೂಗಿಗೆ ನಿದ್ದೆಯೇ ಬರುವುದಿಲ್ಲವಂತೆ. ಬರದಿದ್ದರೆ ಬೇಡ, ನಾವು ನಾವಾಗಿಯೇ ಎಚ್ಚರವಾಗಿರುತ್ತೇವೆ.