ಸೀರೆ ಅಂಗಡಿಯ ಚೀಲ ಮತ್ತು ಅಕ್ಕನ ಹೆಸರು

ಮನೆಮನೆಯಲ್ಲೂ ಕಾಗದಪತ್ರ ಇಡುವ ಒಂದು ಚೀಲ ಇರುತ್ತದೆ. ಅದು ಹೆಚ್ಚಾಗಿ ಬಟ್ಟೆ ಅಂಗಡಿಯದೇ ಆಗಿರುತ್ತದೆ ಎಂಬುದನ್ನು ನೀವು ಗಮನಿಸಿದ್ದೀರೋ ಇಲ್ಲವೋ. ಕಿರಾಣಿ ಅಂಗಡಿಯ ಚೀಲ ವಾರದಲ್ಲಿ ಹರಿಯುತ್ತದೆ, ಔಷಧಿ ಅಂಗಡಿಯದರಲ್ಲಿ ಅಂಗೈ ಕೂಡ ಹಿಡಿಸುವುದಿಲ್ಲ. ಸೀರೆ ಅಂಗಡಿಯವರು ಮಾತ್ರ ಗಟ್ಟಿ ಹಿಡಿಕೆಯ, ನಗುವ ಹೆಣ್ಣಿನ ಚಿತ್ರವಿರುವ ಚೀಲ ಕೊಡುತ್ತಾರೆ. ಕಮಲಾಪುರದ ನಮ್ಮ ಮನೆಯ ದೇವರ ಜಗಲಿಯ ಪಕ್ಕದ ಮೊಳೆಗೆ ಅಂಥದೊಂದು ಚೀಲ ಬಹಳ ಕಾಲ ನೇತಾಡುತ್ತಿತ್ತು. ಅಕ್ಕ ಮಹಾದೇವಿಯ ಮದುವೆಯ ಸೀರೆ ಬಂದದ್ದು ಅದರಲ್ಲೇ. ಆ ಸೀರೆ ಹರಿದು ಕೌದಿಯಾಗಿ, ಕೌದಿಯೂ ಹರಿದುಹೋಯಿತು, ಚೀಲ ಉಳಿಯಿತು. ಅದರ ಮೇಲಿನ ಹೆಣ್ಣಿನ ಮುಖ ಮಾಸಿ ಈಗ ಹಲ್ಲುಗಳಷ್ಟೇ ಕಾಣುತ್ತವೆ.

ಆ ಚೀಲಕ್ಕೆ ನಾನೇ ಪಂಡಿತ. ಓದಿದ್ದು ಏಳನೆಯ ಇಯತ್ತೆ. ಆದರೆ ಅಕ್ಕ ನನ್ನನ್ನು ಎತ್ತಿಕೊಂಡು ತಿರುಗಲು ಎರಡನೆಯ ಇಯತ್ತೆಗೇ ಶಾಲೆ ಬಿಟ್ಟಿದ್ದರಿಂದ, ಅವಳ ಪಾಲಿನ ಇಯತ್ತೆಗಳನ್ನೂ ನಾನೇ ಓದಿದಂತೆ ಮನೆಯಲ್ಲಿ ಮರ್ಯಾದೆ. ಕರೆಂಟು ಬಿಲ್ಲನ್ನು ಕೂಡ ನಾನು ಪುರಾಣ ಓದುವವರ ಗಾಂಭೀರ್ಯದಿಂದ ಓದುತ್ತಿದ್ದೆ. ದಿನಾ ಬಸ್ಸಿನಲ್ಲಿ ಕಪನೂರಿಗೆ ಹೋಗಿ, ಅಲ್ಲಿನ ದಾಲ್ ಮಿಲ್ಲಿನಲ್ಲಿ ತೊಗರಿಬೇಳೆಯೊಳಗಿನ ಹರಳು ಕಂಡುಹಿಡಿಯುವುದು ನನ್ನ ನೌಕರಿ. ಬೇಳೆಯಲ್ಲಿ ಹರಳು ಕಾಣುವ ಕಣ್ಣಿಗೆ ಬೇರೆ ಕೆಲವು ಕಡೆ ಹರಳು ಕಾಣುವುದಿಲ್ಲ ಎಂಬುದು ನನಗೆ ತಡವಾಗಿ ತಿಳಿಯಿತು.

ನಮ್ಮಲ್ಲಿ ಹೆಣ್ಣುಮಗಳ ಮದುವೆಯಾದ ಮೇಲೆ ತವರಿನ ರೇಷನ್ ಕಾರ್ಡಿನಿಂದ ಅವಳ ಹೆಸರು ತೆಗೆಸುತ್ತಾರೆ. ತೆಗೆದದ್ದಕ್ಕೆ ಒಂದು ಚೀಟಿ ಕೊಡುತ್ತಾರೆ. ಗಂಡನ ಮನೆಯವರು ಅದನ್ನು ತೋರಿಸಿ ತಮ್ಮ ಕಾರ್ಡಿಗೆ ಸೇರಿಸಿಕೊಳ್ಳಬೇಕು. ಅಕ್ಕನ ಗಂಡನ ಮನೆಯಲ್ಲಿ ಆ ಚೀಟಿಯನ್ನು ಯಾರೂ ಕೈಗೆ ತೆಗೆದುಕೊಳ್ಳಲಿಲ್ಲ. ನಾಲ್ಕು ವರ್ಷಕ್ಕೆ ಅವನು ಬೇರೊಬ್ಬಳನ್ನು ತಂದ. ಒಂದು ಮಧ್ಯಾಹ್ನ ಅಕ್ಕ ಟ್ರಂಕು ಹೊತ್ತು ಬಂದಳು, ಟ್ರಂಕಿನಲ್ಲಿ ಆ ಚೀಟಿ ಮಡಿಕೆ ಕೂಡ ಬಿಚ್ಚದೆ ಇತ್ತು. ಹೀಗೆ ಅವಳು ಯಾವ ಕಾರ್ಡಿನಲ್ಲೂ ಇಲ್ಲದವಳಾದಳು. ಆದರೂ ಮನೆಯಲ್ಲಿ ಕೂತು ಉಣ್ಣಲಿಲ್ಲ. ಬುಟ್ಟಿ ತುಂಬ ನಮ್ಮೂರಿನ ಕೆಂಪು ಬಾಳೆಹಣ್ಣು ಇಟ್ಟುಕೊಂಡು ಬಸ್‌ಸ್ಟ್ಯಾಂಡಿನಲ್ಲಿ ದಿನವಿಡೀ ನಿಂತು ಮಾರಿದಳು.

ಎರಡು ವರ್ಷದ ಹಿಂದೆ ರೇಷನ್ ಅಂಗಡಿಯವರು ತಾವಾಗಿಯೇ ಫೋನು ಮಾಡಿದರು: “ಬಸಣ್ಣ, ಹೆಸರು ಸೇರಸೋ ಸೈಟ್ ಓಪನ್ ಆಗ್ಯಾದ. ಅಕ್ಕನ ಆಧಾರ ತಗೊಂಡು ಜಲ್ದಿ ಬಾ. ನಾಳಿ ಇರ್ತದೋ ಇಲ್ಲೋ.” ಹೆಂಡತಿಯೇ ಚೀಲದಿಂದ ಆಧಾರ್ ತೆಗೆದು ಕೊಟ್ಟಳು. ಹೋಗಿ ಸಾಲಿನಲ್ಲಿ ನಿಂತೆ. ಹಿಂದೆ ನಿಂತಿದ್ದ ನಮ್ಮ ಕಾಕಾ ನನ್ನ ಕೈಯಲ್ಲಿದ್ದ ಕಾಗದ ನೋಡಿ, “ಹಾಕ್ಸು, ಹಾಕ್ಸು. ಇವತ್ತ ಕಾರ್ಡಿನ್ಯಾಗ ಹೆಸರು, ನಾಳಿ ಮನಿಯಾಗ ಪಾಲು!” ಎಂದರು. ಸಾಲೆಲ್ಲ ನಕ್ಕಿತು. ನಾನೂ ನಕ್ಕೆ. ನಗುತ್ತಲೇ ಸಾಲಿನಿಂದ ಹೊರಬಂದೆ.

ಕಾಕಾನ ಮೇಲೆ ಹಾಕಿ ಪಾರಾಗಬಹುದು. ಆದರೆ ಆ ವಿಚಾರ ಅವರ ಬಾಯಿಗೆ ಬರುವ ಮೊದಲೇ ನನ್ನ ಹೊಟ್ಟೆಯಲ್ಲಿತ್ತು. ಎರಡು ಕೋಣೆಯ ಮನೆ, ಅಪ್ಪ ಕಟ್ಟಿಸಿದ್ದು.

ಅಂದು ಸಂಜೆ ಅಕ್ಕ ಬುಟ್ಟಿ ಇಳಿಸುತ್ತಲೇ ಕೇಳಿದಳು, “ಹಾಕ್ಸಿದೇನೋ ತಮ್ಮಾ?”

“ಹಾಕ್ಸೀನಿ, ಅಕ್ಕಾ.”

ಉಳಿದ ಹಣ್ಣನ್ನೆಲ್ಲ ಅವಳು ಓಣಿಯ ಮನೆಗಳಿಗೆ ಹಂಚಿ ಬಂದಳು. “ನಮ್ಮ ತಮ್ಮ ನನ್ನ ಹೆಸರ ಹಾಕ್ಸ್ಯಾನ” ಎಂದು ಹೇಳಿಕೊಂಡು ಬಂದಳು. ನಾನೂ ಎರಡು ಹಣ್ಣು ತಿಂದೆ. ರೇಷನ್ನಿಗೆ ಹೆಬ್ಬೆಟ್ಟು ಒತ್ತುವವನು ನಾನೇ ಆದ್ದರಿಂದ ಸುಳ್ಳು ಸುಖವಾಗಿ ಬೆಳೆಯಿತು.

ಹೋದ ವರ್ಷ ಚಪ್ಪಲಿ ಕಚ್ಚಿ ಅಕ್ಕನ ಬೆರಳಿಗೆ ಗಾಯವಾಯಿತು. ಸಕ್ಕರೆ ಕಾಯಿಲೆಯವಳು, ಅರಿಶಿನ ಮೆತ್ತಿಕೊಂಡು ನಿಂತೇ ಮಾರಿದಳು. ಬೆರಳು ನೀಲಿಗಟ್ಟಿದಾಗ ಕಲಬುರಗಿಯ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ಡಾಕ್ಟರು ಸಮಾಧಾನದಿಂದ ತಿಳಿಸಿ ಹೇಳಿದರು: ರಕ್ತನಾಳ ಮುಚ್ಚಿದೆ, ತೆರೆಸಿದರೆ ಕಾಲು ಉಳಿಯಬಹುದು, ಆ ಸೌಕರ್ಯ ಇಲ್ಲಿಲ್ಲ. ಸೇಡಂ ರಸ್ತೆಯ ಖಾಸಗಿ ಆಸ್ಪತ್ರೆಯೊಂದಕ್ಕೆ ಚೀಟಿ ಬರೆದುಕೊಟ್ಟರು. ಬಡವರ ರೇಷನ್ ಕಾರ್ಡಿನಲ್ಲಿ ಹೆಸರಿದ್ದರೆ ಖರ್ಚು ಸರ್ಕಾರದ್ದು.

ಆ ಆಸ್ಪತ್ರೆಯ ಕೌಂಟರಿನ ಮೇಲೆ ಅಕ್ಕ ಸೀರೆ ಅಂಗಡಿಯ ಚೀಲವನ್ನು ತಾನೇ ಇಟ್ಟಳು. ಕಂಪ್ಯೂಟರಿನ ಹುಡುಗಿ ಕಾರ್ಡಿನ ನಂಬರು ಒತ್ತಿ ನೋಡಿ, “ಇದರಾಗ ನಾಕೇ ಮಂದಿ ಅದಾರ್ರಿ. ಗಂಡ, ಹೆಂಡತಿ, ಎರಡು ಮಕ್ಕಳು. ಮಹಾದೇವಿ ಅಂತ ಯಾರೂ ಇಲ್ರಿ” ಎಂದಳು.

“ಛಲೋ ನೋಡವ್ವಾ. ನಿನ್ನ ಮಷೀನ್ ತಪ್ಪಿರಬೇಕು. ನಮ್ಮ ತಮ್ಮ ಓದಿದಾಂವ ಅದಾನ, ಅವನೇ ಹಾಕ್ಸ್ಯಾನ.”

ಹುಡುಗಿ ಮತ್ತೊಮ್ಮೆ ನೋಡಿದಳು, ಇಲ್ಲವೆಂದು ತಲೆಯಾಡಿಸಿದಳು. ಅಕ್ಕ ನನ್ನ ಕಡೆ ತಿರುಗಿದಳು. ನಾನು ಚೀಲದ ಮೇಲಿನ ಹಲ್ಲುಗಳನ್ನು ನೋಡುತ್ತಿದ್ದೆ. ಅಷ್ಟು ಹೊತ್ತು ಯಾರೂ ಚೀಲ ನೋಡುವುದಿಲ್ಲ.

“ಚೀಲ ಹಿಡಿ” ಎಂದಳು. ಅಷ್ಟೇ.

ಮಿಲ್ಲಿನ ಇಎಸ್‌ಐ ಕಾರ್ಡು ತೋರಿಸಿದೆ. ಅದರಲ್ಲಿ ಹೆಂಡತಿ, ಮಕ್ಕಳು, ಆಸರೆಯಿಲ್ಲದ ತಂದೆತಾಯಿ ಬರುತ್ತಾರಂತೆ. ಗಂಡ ಬಿಟ್ಟ ಅಕ್ಕ ಬರುವುದಿಲ್ಲವಂತೆ. ಬಡವರ ಕಾರ್ಡಿಲ್ಲದವರಿಗೆ ಸರ್ಕಾರ ಭರಿಸುವುದು ಒಂದು ಭಾಗ ಮಾತ್ರ; ಉಳಿದದ್ದು ನಮ್ಮಿಂದಾಗುವಂಥದಲ್ಲ. ರೇಷನ್ ಅಂಗಡಿಗೆ ಓಡಿದೆ, ತಹಶೀಲ್ ಕಚೇರಿಗೆ ಓಡಿದೆ. ಹೆಸರು ತೆಗೆದ ಹಳೆಯ ಚೀಟಿ ತೋರಿಸಿದೆ. ಎಲ್ಲರೂ ಮರುಕದಿಂದಲೇ ಹೇಳಿದ್ದು ಒಂದೇ ಮಾತು: ಸೈಟ್ ಬಂದ್ ಅದ. ಮೂರನೆಯ ವಾರಕ್ಕೆ ಬೆರಳಿನ ಕಪ್ಪು ಪಾದವನ್ನು ದಾಟಿ ಮೇಲೇರಿತು. ಸರ್ಕಾರಿ ಆಸ್ಪತ್ರೆಯವರು ಜೀವ ಉಳಿಸಲು ಮೊಣಕಾಲ ಕೆಳಗೆ ಕತ್ತರಿಸಿದರು. ಕಾಲು ಉಳಿಸಲು ಕಾರ್ಡು ಬೇಕಾಗಿತ್ತು. ಕತ್ತರಿಸಲು ಅದನ್ನು ಯಾರೂ ಕೇಳಲಿಲ್ಲ.

ಈಚೆಗೆ ನಮ್ಮ ಮಿಲ್ಲಿನ ಗೇಟಿನ ಹತ್ತಿರ ಕೆಲವರು ಸಹಿ ಸಂಗ್ರಹಿಸಲು ಬಂದಿದ್ದರು. ಕಾರ್ಡು ಕೇಳದೆ ಎಲ್ಲರಿಗೂ ಚಿಕಿತ್ಸೆ ಸಿಗಬೇಕು ಎಂಬುದು ಅವರ ಬೇಡಿಕೆ. ಸಹಿ ಮಾಡಿದೆ. ಅವರ ಬಳಿ ಬಹಳ ವಾದಗಳಿದ್ದವು. ನನ್ನ ಹತ್ತಿರ ಒಂದೇ ಇತ್ತು, ಹೇಳಲಾಗಲಿಲ್ಲ. ರೇಷನ್ ಅಂಗಡಿಯವರು ಒಳ್ಳೆಯವರು, ಡಾಕ್ಟರು ಒಳ್ಳೆಯವರು, ಆ ಹುಡುಗಿ ಎರಡು ಸಲ ನೋಡಿದಳು. ಕೆಟ್ಟವನು ನಾನೊಬ್ಬನೇ. ಆದರೆ ಒಬ್ಬ ಹೆಂಗಸಿನ ಕಾಲು ಅವಳ ತಮ್ಮನ ಒಳ್ಳೆಯತನದ ಮೇಲೆ ನಿಲ್ಲುವಂತೆ ಮಾಡಿದ ಕಾನೂನು ಗಟ್ಟಿಯೇ? ತಮ್ಮಂದಿರು ಎಂಥವರು ಎಂದು ನನಗೆ ಗೊತ್ತು. ಹೀಗೆ ಕೇಳಿಕೊಂಡಾಗಲೆಲ್ಲ ಹೆದರಿಕೆಯಾಗುತ್ತದೆ. ನನ್ನ ತಪ್ಪಿನಲ್ಲಿ ಸರ್ಕಾರಕ್ಕೂ ಪಾಲು ಕೊಡುವ ಉಪಾಯ ಇದಾಗಿರಬಹುದು. ಪಾಲಿನ ವಿಷಯದಲ್ಲಿ ನಾನು ಹೀಗೆ ಉದಾರಿಯಾದದ್ದು ಇದೇ ಮೊದಲು.

ಮಳೆಗಾಲ ಮುಗಿದ ಮೇಲೆ ಸೈಟ್ ತೆರೆಯಿತು. ಸಾಲಿನಲ್ಲಿ ನಾನೇ ಮೊದಲಿಗ. ಹೊಸ ಕಾರ್ಡು ತಂದು, ಬಾಗಿಲಲ್ಲಿ ಕೂತು ನೆರೆಮನೆಯವಳ ಬುಟ್ಟಿಗೆ ಹಣ್ಣು ಜೋಡಿಸಿಕೊಡುತ್ತಿದ್ದ ಅಕ್ಕನ ಮುಂದೆ ಹಿಡಿದೆ. ಓದಲು ಗಂಟಲು ಸರಿಮಾಡಿಕೊಂಡೆ.

“ನೀ ಬ್ಯಾಡ,” ಎಂದಳು. “ಗೌರಿ ಓದ್ಲಿ.”

ನನ್ನ ಮಗಳು ಗೌರಿ ಐದೂ ಹೆಸರು ಓದಿದಳು. ಐದನೆಯದನ್ನು ಅಕ್ಕ ಇನ್ನೊಮ್ಮೆ ಓದಿಸಿದಳು. ಆಮೇಲೆ ಕಾರ್ಡನ್ನು ಸೀರೆ ಅಂಗಡಿಯ ಚೀಲದೊಳಗಿಟ್ಟು, ಚೀಲವನ್ನು ತನ್ನ ತಲೆದಿಂಬಿನ ಕೆಳಗೆ ಇಟ್ಟುಕೊಂಡಳು.

ಮನೆಮನೆಯಲ್ಲೂ ಅಂಥ ಚೀಲ ಇರುತ್ತದೆ ಎಂದೆನಲ್ಲ. ನಮ್ಮ ಮನೆಯಲ್ಲೂ ಇದೆ. ಆದರೆ ಜಗಲಿಯ ಪಕ್ಕದ ಮೊಳೆ ಖಾಲಿ. ಕರೆಂಟು ಬಿಲ್ಲು ಬೇಕಾದರೂ ಈಗ ನಾನು ಅಕ್ಕನನ್ನು ಕೇಳಬೇಕು. ಅವಳು ಚೀಲ ಬಿಚ್ಚಿ, ಒಂದೊಂದೇ ಕಾಗದವನ್ನು ಗೌರಿಗೆ ತೋರಿಸಿ, ಬೇಕಾದದ್ದನ್ನಷ್ಟೇ ನನ್ನ ಕೈಗೆ ಕೊಡುತ್ತಾಳೆ.