ಚಾರ್ಟಿನ ಹಾಗಿಲ್ಲದ ಮೆದುಳುಗಳು

ಬೆಳಗಿನ ಆರೂವರೆ. ನವಿ ಮುಂಬಯಿಯ ಒಂದು ವೈದ್ಯಕೀಯ ಕಾಲೇಜಿನ ನೆಲಮಾಳಿಗೆಯಲ್ಲಿ ಟ್ಯೂಬ್‌ಲೈಟುಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿವೆ. ಲೀಲಾಧರ ಅಮೀನ್ ರಬ್ಬರ್ ಏಪ್ರನ್ ಕಟ್ಟಿಕೊಂಡು ಉಕ್ಕಿನ ಮೇಜಿನ ತುದಿಯಲ್ಲಿ ನಿಂತಿದ್ದಾರೆ. ಮೇಜಿನ ಮೇಲೆ ದೇಹದಾನದಿಂದ ಬಂದ ಒಬ್ಬ ಅಜ್ಜನ ಶವ. ಬುರುಡೆಯ ಮುಚ್ಚಳ ಆಗಲೇ ತೆರೆದಿದೆ. ಎಡಗೈಯಲ್ಲಿ ಮೆದುಳಿಗೆ ಆಸರೆ ಕೊಟ್ಟು, ಬಲಗೈಯ ಸಪೂರ ಕತ್ತಿಯನ್ನು ಕುತ್ತಿಗೆಯ ಕಡೆಗೆ ಆದಷ್ಟು ಕೆಳಕ್ಕೆ ಇಳಿಸುತ್ತಾರೆ. ಶವ ಕೆಡದಂತೆ ಹಾಕುವ ಫಾರ್ಮಲಿನ್ ಘಾಟಿಗೆ, ಪತ್ರಿಕೆಗೆ ಬರೆಯಲು ಬಂದ ನನ್ನ ಕಣ್ಣಲ್ಲಿ ನೀರು ನಿಲ್ಲುತ್ತಿಲ್ಲ. ಅವರಿಗೆ ಅದರ ಪರಿವೆಯೇ ಇಲ್ಲ.

"ಮೇಲಿಂದ ಕೊಯ್ದ್ರೆ ಬೇಗ ಆಗ್ತದೆ. ಆದ್ರೆ ಕೆಳಗಿನ ನರ ತುಂಡಾಗಿ ಅಲ್ಲೇ ಉಳೀತದೆ" ಎನ್ನುತ್ತಾರೆ. ಅವರು ನರ ಎನ್ನುವುದು ರಕ್ತನಾಳಕ್ಕೆ. ನಾವು ಬೀಳದೆ ನಡೆಯುವುದನ್ನು, ಲೋಟ ಚೆಲ್ಲದೆ ಹಿಡಿಯುವುದನ್ನು ನೋಡಿಕೊಳ್ಳುವ ಕಿರುಮೆದುಳಿಗೆ ರಕ್ತ ತರುವ ನಾಳಗಳು ಎಡಕ್ಕೆ ಮೂರು, ಬಲಕ್ಕೆ ಮೂರು. ಗೋಡೆಯ ಚಾರ್ಟಿನಲ್ಲಿ ಅವು ಅಚ್ಚುಕಟ್ಟಾಗಿವೆ. ಮನುಷ್ಯರ ತಲೆಯೊಳಗೆ ಹಾಗೇ ಇರಬೇಕೆಂದಿಲ್ಲ. ಕೆಲವರಲ್ಲಿ ಒಂದು ಎರಡಾಗಿರುತ್ತದೆ. ಕೆಲವರಲ್ಲಿ ಒಂದು ಇರುವುದೇ ಇಲ್ಲ, ಪಕ್ಕದ್ದು ಅದರ ಕೆಲಸವನ್ನೂ ಮಾಡಿಕೊಂಡಿರುತ್ತದೆ.

ಹೊರಬಂದ ಮೆದುಳಿನ ಬುಡದ ದಪ್ಪ ನಾಳದ ಅಡಿಗೆ ನೂಲು ತೂರಿಸಿ, ಅದನ್ನು ತಲೆಕೆಳಗಾಗಿ ಫಾರ್ಮಲಿನ್ ಬಕೆಟ್ಟಿನಲ್ಲಿ ತೂಗುಬಿಡುತ್ತಾರೆ. ತಳಕ್ಕೆ ತಾಗಿದರೆ ಚಪ್ಪಟೆಯಾಗುತ್ತದಂತೆ. ಹದಿನೈದು ವರ್ಷಗಳಲ್ಲಿ ಹೀಗೆ ತೆಗೆದದ್ದು ನೂರರ ಮೇಲೆ.

ಕಾಪು ಕಡೆಯ ಲೀಲಾಧರ ಮೊದಲು ಠಾಣೆಯ ವಾಗ್ಳೆ ಎಸ್ಟೇಟ್ ಎಂಬ ಕೈಗಾರಿಕಾ ಪ್ರದೇಶದ ಹೋಟೆಲೊಂದರಲ್ಲಿ ದೋಸೆ ಕಾವಲಿಯ ಮುಂದೆ ನಿಂತವರು. ಸುತ್ತಲಿನ ಫ್ಯಾಕ್ಟರಿಗಳು ಮುಚ್ಚಿದವು, ಹಿಂದೆಯೇ ಹೋಟೆಲೂ ಮುಚ್ಚಿತು. ಎರಡು ಸಾವಿರನೇ ಇಸವಿಯಲ್ಲಿ ಈ ಕಾಲೇಜಿನಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು. ಈಗ ನಸುಕಿನ ನಾಲ್ಕೂ ಐವತ್ತಕ್ಕೆ ತಾವಿರುವ ಶಹಾಡ್‌ನಲ್ಲಿ ಲೋಕಲ್ ರೈಲು ಹತ್ತಿ, ಠಾಣೆಯಲ್ಲಿ ಗಾಡಿ ಬದಲಿಸಿ ಬರುತ್ತಾರೆ.

ಕೆಲಸ ಕಲಿಸಿದವರು ಕಲಬುರ್ಗಿ ಕಡೆಯ ಹಿರಿಯ ಅಟೆಂಡೆಂಟ್ ಬಾಲಪ್ಪ. ಅವರು ಈಗಿಲ್ಲ, ಅವರ ಮಾತು ಲೀಲಾಧರರಿಗೆ ಬಾಯಿಪಾಠ: "ಚಾರ್ಟಿನ್ಯಾಗ ಇದ್ದಂಗ ಇದ್ರ ಡಬ್ಬಿಗೆ ಹಾಕಿ ಶೆಲ್ಫಿನ್ಯಾಗ ಇಡು. ಹ್ಯಾಂಗ್ಯಾಂಗೋ ಇದ್ದದ್ದು ಪರೀಕ್ಷಾಕ್ಕ ಇಟ್ರ ಹುಡುಗ್ರು ಗಾಬರಿ ಆಗ್ತಾರ, ಸಾಹೇಬ್ರು ನಮಗ ಬೈತಾರ."

ಹನ್ನೆರಡು ವರ್ಷ ಲೀಲಾಧರ ಇದನ್ನು ಚಾಚೂ ತಪ್ಪದೆ ಪಾಲಿಸಿದರು. ಹರಿದ ದೋಸೆಯನ್ನು ಗಿರಾಕಿಯ ತಟ್ಟೆಗೆ ಹಾಕದೆ ಬದಿಗೆ ತಳ್ಳುವ ಅಭ್ಯಾಸವೂ ಕೈಯಲ್ಲಿತ್ತು. ಚಾರ್ಟಿಗೆ ಹೊಂದದ್ದು ಹಳದಿ ಚೀಲಕ್ಕೆ, ಅಲ್ಲಿಂದ ಸುಡುವ ಭಟ್ಟಿಗೆ. ಯಾರೂ ಕೇಳಲಿಲ್ಲ. ಶೆಲ್ಫಿನ ಮೆದುಳುಗಳೆಲ್ಲ ಎಷ್ಟು ಒಪ್ಪವಾಗಿವೆ ಎಂದು ಪ್ರೊಫೆಸರರು ಬೆನ್ನು ತಟ್ಟಿದ್ದೂ ಉಂಟು.

2011ರಲ್ಲಿ ಎಂ.ಡಿ. ವಿದ್ಯಾರ್ಥಿನಿ ಜ್ಯೋತ್ಸ್ನಾ ತಮ್ಮ ಪ್ರಬಂಧಕ್ಕೆ ಇದೇ ನಾಳಗಳನ್ನು ಆರಿಸಿಕೊಂಡರು: ಎಷ್ಟು ಜನರಲ್ಲಿ ಇವು ಬೇರೆ ಥರ ಇರುತ್ತವೆ ಎಂದು ಎಣಿಸುವ ಕೆಲಸ. ಠಾಣೆಯಲ್ಲೇ ಹುಟ್ಟಿ ಬೆಳೆದ ಉಡುಪಿಯವರ ಮಗಳು; ಕನ್ನಡ ತಿಳಿಯುತ್ತದೆ, ಉತ್ತರ ಹಿಂದಿಯಲ್ಲಿ. ಒಂದು ವರ್ಷ ಕೂತು ಶೆಲ್ಫಿನ ನಲವತ್ತೆರಡು ಮೆದುಳು ನೋಡಿದರು. ವ್ಯತ್ಯಾಸ ಕಂಡದ್ದು ಬರೀ ಎರಡರಲ್ಲಿ. ನಮ್ಮ ಕಡೆಯ ಜನರಲ್ಲಿ ಇಂಥದ್ದು ತೀರಾ ಅಪರೂಪ ಎಂದು ಬರೆಯಲು ಹೊರಟರು. ಇದನ್ನು ಬರೆದರೆ ಏನಾಗುತ್ತದೆ ಎಂದು ಲೀಲಾಧರ ಕೇಳಿದರು. ತಲೆಯ ಆಪರೇಷನ್ ಮಾಡುವವರು ಓದುತ್ತಾರೆ, ಎಲ್ಲಿ ಹುಷಾರಾಗಿರಬೇಕೆಂದು ತಿಳಿಯುತ್ತದೆ ಎಂದರು ಜ್ಯೋತ್ಸ್ನಾ.

ಭಟ್ಟಿಗೆ ಹೋದದ್ದು ಲೆಕ್ಕಕ್ಕೇ ಬಂದಿಲ್ಲ ಎಂದು ಲೀಲಾಧರರಿಗೆ ಹೊಳೆಯಿತು. ಆಗಷ್ಟೇ ಕಾಯಂ ಆಗುವವರ ಪಟ್ಟಿಯಲ್ಲಿ ಅವರ ಹೆಸರು ಬಂದಿತ್ತು. ಎಂಟು ದಿನ ಬಾಯಿ ಬಿಡಲಿಲ್ಲ. "ಗಾಡಿಯಲ್ಲಿ ಎದುರು ಕೂತವರ ತಲೆಯೇ ಕಾಣ್ತಿತ್ತು. ಇವರಲ್ಲಿ ಯಾರಿಗೆ ಯಾವ ನರ ಇಲ್ವೋ, ಯಾರನ್ನು ನಾಳೆ ಆಪರೇಷನ್ ಮೇಜಿನ ಮೇಲೆ ಮಲಗಿಸ್ತಾರೋ ಅಂತ."

ಒಂಬತ್ತನೇ ದಿನ ಹೇಳಿಬಿಟ್ಟರು. "ಮೇಡಂ, ಉಲ್ಟಾಸೀದಾ ಇದ್ದದ್ದನ್ನೆಲ್ಲ ನಾನೇ ಬಿಸಾಡಿದ್ದು."

"ಕಿತ್ನೇ ಫೇಂಕೆ, ಅಂಕಲ್?" ಎಷ್ಟು ಬಿಸಾಡಿದಿರಿ ಎಂದಷ್ಟೇ ಜ್ಯೋತ್ಸ್ನಾ ಕೇಳಿದರು.

"ಬರೆದಿಡ್ಲಿಲ್ಲ ಮೇಡಂ. ಮೂವತ್ತು, ಮೂವತ್ತೈದು."

ಜ್ಯೋತ್ಸ್ನಾ ತಮ್ಮ ಎಣಿಕೆಯ ಪುಟಕ್ಕೆ ಅಡ್ಡಗೆರೆ ಎಳೆದರು. ವರ್ಷದ ಕೆಲಸ ನೀರುಪಾಲಾಗಿತ್ತು. ಅವರು ದೂರು ಕೊಡಲಿಲ್ಲ, ಆದರೆ ಮತ್ತೆ ಮೊದಲಿನಿಂದ ಯಾಕೆ ಎಂದು ಪ್ರೊಫೆಸರರಿಗೆ ಹೇಳಲೇಬೇಕಿತ್ತು. ಲೀಲಾಧರರಿಗೆ ಮೆಮೊ ಬಂತು. ಕಾಯಂ ಪಟ್ಟಿಯಿಂದ ಹೆಸರು ಹೋಯಿತು. ಮೂರು ವರ್ಷವಾದರೂ ಮತ್ತೆ ಬಂದಿಲ್ಲ. ಹೊಸ ಎಣಿಕೆಗೆ ಒಂದನ್ನೂ ಬಿಡದೆ, ಬಂದದ್ದನ್ನು ಬಂದ ಹಾಗೇ ತೆಗೆದುಕೊಟ್ಟವರೂ ಅವರೇ. ಇಪ್ಪತ್ತಾರರಲ್ಲಿ ಒಂಬತ್ತು ಚಾರ್ಟಿನಂತೆ ಇರಲಿಲ್ಲ.

ಪ್ರಬಂಧವೇನೋ ಸರಿಹೋಯಿತು. ಲೀಲಾಧರರ ಕೊರಗು ಹೋಗಿಲ್ಲ. "ಆ ನರ ಇಲ್ದೆಯೇ ಅವ್ರು ಎಪ್ಪತ್ತು ಎಂಬತ್ತು ವರ್ಷ ನಡ್ದಿದ್ದಾರೆ, ಲೋಕಲ್ ಹತ್ತಿದ್ದಾರೆ, ಮಕ್ಕಳನ್ನು ಎತ್ತಿ ಆಡಿಸಿದ್ದಾರೆ. ಕಡೆಗೆ ದೇಹವನ್ನೂ ಕೊಟ್ಟು ಹೋದ್ರು. ನಾನು ಹಾಳಾದ್ದು ಅಂತ ಚೀಲಕ್ಕೆ ಹಾಕಿದೆ."

ಶಹಾಡ್‌ನ ಒಂದೇ ಕೋಣೆಯ ಮನೆಯಲ್ಲಿ ಲೀಲಾಧರರ ಹೆಂಡತಿ, ಹೆಸರು ಬಾಗಿ, ಚಹಾ ಕೊಟ್ಟು ಎದುರಿಗೆ ಕೂತರು. ಮಗಳು ನಿಶ್ಮಿತಾಳ ಮದುವೆ ಮಾತುಕತೆ ನಡೆದಿದೆ. ಹುಡುಗನ ಮನೆಯವರಿಗೂ ಊರವರಿಗೂ ಇವರು ಕಾಲೇಜಿನ ಕ್ಯಾಂಟೀನಿನವರು. ಹೆಣ ಕೊಯ್ಯುವ ಕೈ ಎಂದು ಗೊತ್ತಾದರೆ ಇಲ್ಲಿನ ಊರವರ ಸಂಘದ ಪೂಜೆಯ ಊಟಕ್ಕೆ ಬಡಿಸಲೂ ಬಿಡಲಿಕ್ಕಿಲ್ಲ. "ಪೇಪರ್‌ನಲ್ಲಿ ಹೆಸರು ಹಾಕ್ಬೇಡಿ ಮಾರಾಯ್ರೆ, ಒಮ್ಮೆ ಮದುವೆ ಆಗಿ ಹೋಗ್ಲಿ" ಎಂದರು ಬಾಗಿ. ಬೇರೆ ಹೆಸರು ಹಾಕುತ್ತೇನೆಂದು ನಾನೂ ಮಾತು ಕೊಟ್ಟೆ.

ಲೀಲಾಧರ ಸ್ಟೇಷನ್‌ವರೆಗೆ ಬಂದರು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಮೇಲೆ ಹೇಳಿದರು:

"ನನ್ನದೇ ಹೆಸರು ಹಾಕಿ. ನಿಶ್ಮಿತಾ ಹತ್ರ ಕೇಳಿದ್ದೇನೆ, ಹಾಕ್ಲಿ ಅಂದ್ಳು. ಬಾಗಿಗೆ ನಾನು ಹೇಳ್ತೇನೆ. ನಾನು ಬಿಸಾಡಿದವರ ಕಾಲಿಗೆ ಒಂದು ನಂಬರ್ ಕಟ್ಟಿರ್ತಿದ್ರು, ಅಷ್ಟೇ. ಅವರ ಹೆಸರು ನನಗೆ ಗೊತ್ತಿಲ್ಲ. ಬಿಸಾಡಿದವನ ಹೆಸರಾದ್ರೂ ನಾಲ್ಕು ಜನಕ್ಕೆ ಗೊತ್ತಿರ್ಲಿ."