ಶೆಟ್ಟೆವ್ವನ ಒಡಪಿಗೆ ಸಿಕ್ಕ ಬ್ಯಾಂಕಿನ ಸಾಹೇಬ

ಮೋರಟಗಿಯ ಅರ್ಧ ಊರಿನ ಖಾರ ಕುಟ್ಟಿದ್ದು ಶೆಟ್ಟೆವ್ವನ ಒನಕೆ. ರಟ್ಟೆ ಸೋತ ಮೇಲೆ ಸ್ವಂತದ್ದೊಂದು ಖಾರದ ಗಿರಣಿ ಹಾಕಬೇಕೆಂದು ಅವಳು ಸಿಂದಗಿಯ ಬ್ಯಾಂಕಿನಲ್ಲಿ ರೊಕ್ಕ ಕೂಡಿಡುತ್ತಿದ್ದಳು; ಕಮ್ಮಿ ಬಿದ್ದದ್ದಕ್ಕೆ ಅಲ್ಲೇ ಸಾಲಕ್ಕೂ ಅರ್ಜಿ ಕೊಟ್ಟಿದ್ದಳು. ಬ್ಯಾಂಕಿನವರು ಕೊಟ್ಟ ಎಟಿಎಂ ಕಾರ್ಡು ಅರಿಷಿಣದ ಡಬ್ಬಿಯಲ್ಲಿತ್ತು. ಅದರ ಗುಪ್ತ ನಂಬರು ಗಂಡ ಮಾನಪ್ಪನಿಗೂ ಗೊತ್ತಿರಲಿಲ್ಲ.

ಆಗಿನ್ನೂ ಊರಿಗೆ ಮೊಬೈಲು ಹೊಸದು. ಒಂದು ಮಧ್ಯಾಹ್ನ ಮೆಣಸಿನಕಾಯಿ ಹುರಿಯುತ್ತಿದ್ದವಳ ಕಿವಿಗೆ ಮಾನಪ್ಪ ತನ್ನ ಮೊಬೈಲು ಹಿಡಿದ.

"ಬ್ಯಾಂಕಿನವರಂತ. ಲಗೂ ಮಾತಾಡು."

"ದೊಡ್ಡ ಆಫೀಸಿಂದ ಮಾತಾಡ್ತಿದ್ದೀನಮ್ಮಾ," ಎಂದಿತು ಆ ಕಡೆಯ ದನಿ. "ನಿಮ್ಮ ಕಾರ್ಡು ಸಂಜೆಗೆ ಬಂದ್ ಆಗುತ್ತೆ. ಆಮೇಲೆ ದುಡ್ಡು ಸಿಗಲ್ಲ. ಮೊದಲು ಗಂಡನ ಹೆಸರು ಹೇಳಿ."

ಶೆಟ್ಟೆವ್ವ ಹುರಿಯುವುದನ್ನು ಅಲ್ಲಿಗೇ ಬಿಟ್ಟಳು. ಗಿರಣಿ ಹೋಯಿತಲ್ಲ! ಆದರೂ ಗಂಡನ ಹೆಸರನ್ನು ಹಾಗೇ ಹೇಳುವುದುಂಟೆ? ಲಗ್ನವಾದಂದಿನಿಂದ ಒಡಪು ಕಟ್ಟಿ, ಎರಡು ಸಾಲಿನೊಳಗೆ ಕೂಡಿಸಿಯೇ ಹೇಳಿದವಳು. ಗಂಟಲು ಸರಿಮಾಡಿಕೊಂಡಳು.

"ಸಜ್ಜಿ ರೊಟ್ಟಿಗಿ ಎಳ್ಳು ಹಚ್ಚಿ ಮ್ಯಾಲ ಸುರದೆ ತುಪ್ಪ, ಸದ್ದಿಲ್ದಂಗ ನುಂಗಿ ಮೀಸಿ ವರಸ್ತಾರ ನಮ್ಮ ಮಾನಪ್ಪ!"

ಮಾನಪ್ಪ ನಾಚಿ ಮೀಸೆ ಒರೆಸಿಕೊಂಡ.

"ಆಯ್ತು, ಆಯ್ತು. ಈಗ ಕಾರ್ಡಿನ ನಂಬರು, ಗುಪ್ತ ನಂಬರು ಎರಡೂ ಹೇಳಿ."

ಮಾನಪ್ಪ ಆಗಲೇ ಡಬ್ಬಿಗೆ ಕೈ ಹಾಕಿದ್ದ. ಶೆಟ್ಟೆವ್ವನಿಗೆ ಫಕ್ಕನೆ ಹೊಳೆಯಿತು. ಬ್ಯಾಂಕಿನ ಸಿಪಾಯಿ ಇಬ್ರಾಹಿಂಸಾಬ ಅವಳ ಪಾಳಿ ಬಂದಾಗ "ಮಾನಪ್ಪನ ಹೇಣ್ತಿ ಶೆಟ್ಟೆವ್ವಾ!" ಎಂದೇ ಒದರುತ್ತಾನೆ. ಸಿಪಾಯಿಗೆ ಗೊತ್ತಿರುವ ಹೆಸರು ದೊಡ್ಡ ಸಾಹೇಬನಿಗೆ ಗೊತ್ತಿಲ್ಲವೆ? ಗಂಡನ ಕೈಮೇಲೊಂದು ಬಿಟ್ಟು ಡಬ್ಬಿ ಕಸಿದುಕೊಂಡಳು.

"ಹೇಳ್ತೇನ್ರಿ ಸಾಹೇಬ್ರ. ಮೊದ್ಲ ನೀವೂ ನಿಮ್ಮ ಹೇಣ್ತಿ ಹೆಸರಿಗಿ ಒಂದು ಒಡಪು ಹಾಕ್ರಿ."

"ಟೈಮಿಲ್ಲಮ್ಮಾ!"

"ಸಂಜಿತನಾ ಐತಲ್ರಿ. ಲಗ್ನ ಆಗೇತಿಲ್ಲೊ? ಹೆಸರ ಮರತೀರೇನು?"

"ಕಾರ್ಡು ಬಂದ್ ಆಗುತ್ತೆ!"

"ಬರಾಂಗಿಲ್ಲಂದ್ರ ನಾ ಕಲಸ್ತೇನಿ, ಹಿಂದಿಂದ ಅನ್ರಿ."

ಅತ್ತೆಗೊಂದು ಒಡಪು ಹೇಳಿದಳು, ಎಮ್ಮೆಗೊಂದು ಹೇಳಿದಳು. ಬಾಣಲೆಯ ಘಾಟಿಗೆ ಮಾನಪ್ಪ ಸೀನಿ ಸೀನಿ ಹೊರಗೆ ಓಡಿದ. ಹುಂಜಕ್ಕೊಂದು ಶುರುಮಾಡುವಷ್ಟರಲ್ಲಿ ಫೋನು ಕಟ್ಟಾಯಿತು.

ಒಡನೆ ಬಸ್ಸು ಹಿಡಿದು ಸಿಂದಗಿಗೆ ಹೋದಳು. ರೊಕ್ಕ ಇದ್ದಲ್ಲೇ ಇತ್ತು. ನಡೆದದ್ದು ಕೇಳಿ ಮ್ಯಾನೇಜರು ಕಲ್ಮೇಶ ಹೊಟ್ಟೆ ಹಿಡಿದು ನಕ್ಕ.

"ಛಲೋ ಮಾಡಿದ್ರಿ ಅವ್ವಾ. ಬ್ಯಾಂಕಿನವ್ರು ಫೋನಿನ್ಯಾಗ ನಂಬರ ಕೇಳಂಗಿಲ್ರಿ. ನಾ ಕೇಳಿದ್ರೂ ಹೇಳಬ್ಯಾಡ್ರಿ."

ಕೆಲವು ದಿನಗಳ ಮೇಲೆ ಮತ್ತೆ ಫೋನು ಬಂತು. "ಕಲ್ಮೇಶ ಮಾತಾಡಾಕತ್ತೇನ್ರಿ ಅವ್ವಾ. ಗಿರಣಿ ಸಾಲ ಮಂಜೂರಾತು, ಸಹಿ ಮಾಡಾಕ ಬರ್ರಿ."

"ಯಾವ ಕಲ್ಮೇಶ? ಒಡಪು ಹಾಕ್ರಿ!"

ಆ ಕಡೆ ಇಬ್ರಾಹಿಂಸಾಬ ಕಿಸಕ್ಕೆಂದದ್ದು ಕೇಳಿಸಿತು. ಮ್ಯಾನೇಜರು ದನಿ ತಗ್ಗಿಸಿದ.

"ಬಾನಿಗಿ ಬೇಕು ಚಂದ್ರಾಮ, ಬಾಯಿಗಿ ಬೇಕು ಚಾ... ಬೈದು ಬೈದು ಬಡಸ್ತಾಳ್ರಿ ನಮ್ಮ ಸುನಂದಾ."

"ಒಡಪು ಖರೇದೈತಿ, ಬರ್ತೇನಿ," ಎಂದಳು ಶೆಟ್ಟೆವ್ವ. "ಆದ್ರ ನಂಬರ ಮಾತ್ರ ಹೇಳಂಗಿಲ್ಲ."

"ನಾ ಎಲ್ಲಿ ಕೇಳೇನ್ರಿ ಅವ್ವಾ!"